ಕೊಟ್ಟವರ ಹಣ, ಕಾಯುವವರ ಋಣ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಒತ್ತಾಯಿಸಿದಾಗ, ಬರೆಯುವಂಥದ್ದು ನನ್ನಲ್ಲಿ ಏನಿದೆ ಎಂಬ ಸಂಕೋಚವೇ ಮೊದಲು ಮೂಡಿತು. ಈ ಶಾಲೆಯಲ್ಲಿ ಅಕ್ಷರ ಕಲಿತವರಲ್ಲಿ ವೈದ್ಯರಿದ್ದಾರೆ, ಇಂಜಿನಿಯರರಿದ್ದಾರೆ, ಉಪನ್ಯಾಸಕರಿದ್ದಾರೆ, ಸಮುದ್ರದಾಚೆ ನೆಲೆಸಿದವರಿದ್ದಾರೆ. ಅವರ ಲೇಖನಿಯಿಂದ ಬರುವ ನೆನಪುಗಳು ಈ ಸಂಚಿಕೆಗೆ ಶೋಭೆ ತರುವುದು ನಿಶ್ಚಯ. ನಾನಾದರೋ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಅದರ ಜೊತೆಗೆ ಈ ಭಾಗದ ಒಂದು ಸೇವಾ ಸಂಸ್ಥೆಯ ಖಜಾಂಚಿಯಾಗಿ ಹಲವು ವರ್ಷ ಲೆಕ್ಕ ಬರೆದವನು. ಆದುದರಿಂದ ನನಗೆ ಗೊತ್ತಿರುವ ಆ ಒಂದೇ ವಿಷಯವನ್ನು, ಅಂದರೆ ಪರರು ಧರ್ಮಾರ್ಥವಾಗಿ ಕೊಟ್ಟ ಹಣವನ್ನು ಕಾಯುವ ಕೆಲಸವನ್ನು ಕುರಿತು ನಾಲ್ಕು ಮಾತು ಬರೆಯಲು ತೊಡಗಿದ್ದೇನೆ. ವಿಷಯ ನೀರಸವೆಂದು ಓದುಗರು ಪುಟ ತಿರುವಿಬಿಡಬಾರದೆಂದು ವಿನಂತಿ. ಮಹೋತ್ಸವದ ನೆಪದಲ್ಲಿ ಶಾಲೆಯ ಹೆಸರಿನಲ್ಲಿ ನಿಧಿ ಕೂಡುತ್ತಿರುವ ಈ ಹೊತ್ತಿನಲ್ಲಿ ಇದು ನಮ್ಮೆಲ್ಲರ ವಿಷಯವೂ ಆಗಿದೆ.

ದೂರದ ಊರುಗಳಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಮೊಮ್ಮಕ್ಕಳಿಗಾಗಿ ಈ ಸೀಮೆಯ ಪರಿಚಯವನ್ನು ಸಂಕ್ಷೇಪವಾಗಿ ಹೇಳುವುದು ಅಗತ್ಯ. ಕೃಷ್ಣೆಯ ಉತ್ತರಕ್ಕೆ ನಾರಾಯಣಪೇಟೆ ಮತ್ತು ಮಕ್ತಲ್, ದಕ್ಷಿಣಕ್ಕೆ ಕೃಷ್ಣೆ ತುಂಗಭದ್ರೆಗಳ ನಡುವಿನ ನಡಿಗಡ್ಡೆಯಲ್ಲಿ ಗದ್ವಾಲ. ಇವೆಲ್ಲವೂ ಹಿಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಊರುಗಳು. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿಯೇ ಇದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಬಂದಿತು. ಈ ಎರಡು ತಾಲ್ಲೂಕುಗಳು ಅದರಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿದವು. ಮಕ್ತಲ್ ಮತ್ತು ನಾರಾಯಣಪೇಟೆಗಳು ಮಹಬೂಬನಗರ ಜಿಲ್ಲೆಯೊಡನೆ ಆಂಧ್ರಪ್ರದೇಶದಲ್ಲಿ ಉಳಿದವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರ ಅಕ್ಟೋಬರ್‌ನಲ್ಲಿ ಜೋಗುಳಾಂಬಾ ಗದ್ವಾಲ ಜಿಲ್ಲೆಯೂ 2019ರ ಫೆಬ್ರವರಿಯಲ್ಲಿ ನಾರಾಯಣಪೇಟೆ ಜಿಲ್ಲೆಯೂ ರೂಪುಗೊಂಡವು. ಕಚೇರಿಯ ಫಲಕಗಳು ಹೀಗೆ ಹಲವು ಬಾರಿ ಬದಲಾದರೂ ಎಷ್ಟೋ ಮನೆಗಳ ಒಲೆಯ ಮುಂದಿನ ಮಾತು ಕನ್ನಡವಾಗಿಯೇ ಉಳಿಯಿತು. ಪೇಟೆಯಲ್ಲಿ ತೆಲುಗು, ಉರ್ದು, ಮರಾಠಿ, ಮನೆಯಲ್ಲಿ ಕನ್ನಡ, ಇದು ನಮ್ಮ ನಿತ್ಯದ ಬದುಕು.

ಇಂಥ ಗಡಿಯ ಕನ್ನಡ ಶಾಲೆಗೆ ಎರಡು ಕಡೆಯ ಬಾಗಿಲುಗಳೂ ಸ್ವಲ್ಪ ದೂರವೇ. ಒಂದು ರಾಜಧಾನಿಗೆ ನಾವು ನೆರೆಯವರು. ಇನ್ನೊಂದು ರಾಜಧಾನಿಗೆ ನಾವು ಕೆಲವೇ ಮಂದಿ. ಹೀಗಾಗಿ ಕೊಠಡಿಗೆ ಛಾವಣಿ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ಕುಳಿತುಕೊಳ್ಳಲು ಬೆಂಚು ಇವುಗಳಿಗಾಗಿ ಊರಿನ ದಾನಿಗಳನ್ನೂ ರೋಟರಿ, ಲಯನ್ಸ್‌ನಂಥ ಸೇವಾ ಸಂಸ್ಥೆಗಳನ್ನೂ ಆಶ್ರಯಿಸುವುದು ನಮ್ಮ ಶಾಲೆಗಳಿಗೆ ರೂಢಿಯಾಯಿತು. 2010ರ ಕಾಯ್ದೆಯ ಮೂಲಕ ಅಸ್ತಿತ್ವಕ್ಕೆ ಬಂದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದಂಥ ಸಂಸ್ಥೆಗಳ ಅನುದಾನವೂ ಗಡಿಯಾಚೆಯ ಕನ್ನಡಕ್ಕೆ ಒಂದು ಆಸರೆ. ಹಣ ಎಲ್ಲಿಂದಲೇ ಬರಲಿ, ಅದರ ಹಿಂದೆ ಒಂದು ಪ್ರಶ್ನೆ ಬರುತ್ತದೆ: ನಾವು ಕೊಟ್ಟದ್ದು ಎಲ್ಲಿಗೆ ಹೋಯಿತು? ಈ ಪ್ರಶ್ನೆಗೆ ನೇರವಾಗಿ ಉತ್ತರ ಹೇಳಬಲ್ಲ ಶಾಲೆಗೆ ಮತ್ತೆ ಹಣ ಬರುತ್ತದೆ. ಉತ್ತರ ಹೇಳಲಾರದ ಶಾಲೆಗೆ ಮೊದಲ ಸಹಾಯವೇ ಕೊನೆಯ ಸಹಾಯವಾಗುತ್ತದೆ.

ಈ ಪಾಠವನ್ನು ನಾನು ಸೇವಾ ಸಂಸ್ಥೆಗೆ ಸೇರಿದ ಮೇಲೆ ಕಲಿತದ್ದೆಂದು ಕೆಲವರು ಭಾವಿಸಿದ್ದಾರೆ. ವಾಸ್ತವವಾಗಿ ಅದನ್ನು ಕಲಿಸಿದವರು ಈ ಶಾಲೆಯ ನಮ್ಮ ಹೆಡ್ ಮಾಸ್ತರರು. ಶಾಲೆಗೆ ಸ್ವಂತ ಕೊಠಡಿ ಇಲ್ಲದಿದ್ದ ದಿನಗಳಲ್ಲಿ ಸುಗ್ಗಿಯ ಕಾಲಕ್ಕೆ ಅವರು ಕಣದಿಂದ ಕಣಕ್ಕೆ ನಡೆದು ರಾಶಿಯ ಮೇಲಿನ ಜೋಳ ಬೇಡುತ್ತಿದ್ದರು. ಯಾರು ಎಷ್ಟು ಪಾಯಲಿ, ಎಷ್ಟು ಸೇರು ಕೊಟ್ಟರೆಂಬುದನ್ನು ಅಲ್ಲಿಯೇ ಬರೆದುಕೊಳ್ಳುತ್ತಿದ್ದರು. ಜೋಳ ಮಾರಿ ಬಂದ ಹಣ, ಅದರಿಂದ ಕೊಂಡ ಸಾಮಾನು, ಉಳಿದ ಶಿಲ್ಕು ಇವನ್ನೆಲ್ಲ ಆಗಸ್ಟ್ 15ರಂದು ಧ್ವಜಾರೋಹಣವಾದ ಮೇಲೆ ಊರವರ ಎದುರಿಗೆ ಓದುತ್ತಿದ್ದರು. ಪೆಪ್ಪರಮೆಂಟಿಗಾಗಿ ಕಾದು ನಿಂತಿದ್ದ ನಮಗೆ ಆ ಓದು ಮುಗಿಯದ ಪುರಾಣದಂತೆ ತೋರುತ್ತಿತ್ತು.

ಒಂದು ವರ್ಷ ಓದು ಮುಗಿದ ಮೇಲೆ, ಎರಡು ಸೇರು ಜೋಳ ಕೊಟ್ಟಿದ್ದ ಒಬ್ಬ ಮುದುಕಿ ಎದ್ದು ನಿಂತು, “ಮಾಸ್ತರ, ಎಲ್ಲಾ ಓದಿದ್ರಿ, ಖರೇ. ನನ್ನ ಜ್ವಾಳ ಯಾವುದಕ್ಕ ಹೋತು ಅಂಬೂದು ತಿಳೀಲಿಲ್ಲ” ಎಂದಳು. ಕೆಲವರು ನಕ್ಕರು. ಮಾಸ್ತರರು ನಗಲಿಲ್ಲ. ಪುಸ್ತಕವನ್ನು ಕಂಕುಳಲ್ಲಿ ಇರಿಸಿಕೊಂಡು ಆಕೆಯನ್ನು ಕೊಠಡಿಯ ಬಾಗಿಲ ಬಳಿ ಕರೆದೊಯ್ದರು. ಕದದ ಚಿಲಕವನ್ನು ಎಳೆದು ತೋರಿಸಿ, “ಇದು ನೋಡವಾ, ನಿನ್ನ ಎರಡು ಸೇರು. ದಿನಾ ಸಂಜೀಕ ಇದನ್ನ ಹಾಕಿಯೇ ನಾನು ಮನೀಗೆ ಹೋಗ್ತೀನಿ” ಎಂದರು. ಆಕೆ ಚಿಲಕವನ್ನು ಮುಟ್ಟಿ ನೋಡಿ, ಏನೂ ಹೇಳದೆ ಹೋಗಿ ತನ್ನ ಸ್ಥಳದಲ್ಲಿ ಕುಳಿತಳು. ಮರುವರ್ಷ ಆಕೆಯ ಹೆಸರಿನ ಮುಂದೆ ನಾಲ್ಕು ಸೇರು ಎಂದು ಓದಿದ್ದು ನನಗೆ ಚೆನ್ನಾಗಿ ನೆನಪಿದೆ.

ನಮ್ಮಲ್ಲಿ ದಾಸೋಹದ ಪರಂಪರೆ ಇದೆ, ಮಠಮಾನ್ಯಗಳಿವೆ, ದರ್ಗಾಗಳಿವೆ; ಕೊಡುವುದು ಈ ನೆಲಕ್ಕೆ ಹೊಸತಲ್ಲ. ದೇಶವಿದೇಶಗಳಿಗೆ ಹರಡಿದ ಸೇವಾ ಸಂಸ್ಥೆಗಳು ಆ ಕೊಡುಗೆಗೆ ಬರಹದ ಒಂದು ಶಿಸ್ತನ್ನು ಜೋಡಿಸಿದವು. ರೋಟರಿ ಸಂಸ್ಥೆ 1905ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಹುಟ್ಟಿ 1920ರಲ್ಲಿ ಕಲ್ಕತ್ತೆಯ ಮೂಲಕ ಭಾರತಕ್ಕೆ ಬಂದಿತು. 1917ರಲ್ಲಿ ಅದರ ಅಧ್ಯಕ್ಷರಾಗಿದ್ದ ಆರ್ಚ್ ಕ್ಲಂಫ್ ಅವರು ಲೋಕಹಿತಕ್ಕಾಗಿ ಒಂದು ಶಾಶ್ವತ ನಿಧಿ ಇರಬೇಕೆಂದು ಸೂಚಿಸಿದರು. ಮರುವರ್ಷ ಆ ನಿಧಿಗೆ ಬಂದ ಮೊದಲ ಕಾಣಿಕೆ 26 ಡಾಲರ್ 50 ಸೆಂಟ್. ಕನ್ಸಾಸ್ ಸಿಟಿಯಲ್ಲಿ ಜರುಗಿದ ಸಮ್ಮೇಳನದ ಖರ್ಚೆಲ್ಲ ಕಳೆದು ಉಳಿದ ಶಿಲ್ಕು ಅದು. ಸಮ್ಮೇಳನ ಮುಗಿದ ಮೇಲೆ ಅಷ್ಟು ಸಣ್ಣ ಮೊತ್ತವನ್ನು ಒಂದು ಫಲಾಹಾರದಲ್ಲಿ ಮುಗಿಸಿಬಿಡುವುದು ಕಷ್ಟವಿರಲಿಲ್ಲ. ಹಾಗೆ ಮುಗಿಸದೆ ಲೆಕ್ಕದಲ್ಲಿ ಉಳಿಸಿದ್ದರಿಂದ ಅದು ಬೀಜವಾಯಿತು. ಅದೇ ನಿಧಿ ಬೆಳೆದು, 1985ರಿಂದ ಪೋಲಿಯೋ ನಿರ್ಮೂಲನೆಯ ಕಾರ್ಯಕ್ಕೆ ಒದಗಿತು. ಭಾರತದಲ್ಲಿ ಆ ರೋಗದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ನಮ್ಮ ದೇಶ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ಪಡೆಯಿತು. ಸರ್ಕಾರಗಳೂ ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ ಕೈಜೋಡಿಸಿದ ಆ ಮಹತ್ಕಾರ್ಯದಲ್ಲಿ, ಶಿಲ್ಕನ್ನು ಶಿಲ್ಕೆಂದೇ ಬರೆದಿಡುವ ಅಭ್ಯಾಸಕ್ಕೂ ಒಂದು ಪಾಲು ಇದೆಯೆಂದು ಖಜಾಂಚಿಯಾದ ನಾನು ನಂಬಿದ್ದೇನೆ.

ಲಯನ್ಸ್ ಸಂಸ್ಥೆ 1917ರಲ್ಲಿ ಹುಟ್ಟಿ, ನಮ್ಮ ಸೀಮೆ ಹರಿದು ಹಂಚಿಹೋದ 1956ರಲ್ಲಿಯೇ ಮುಂಬಯಿಯ ಮೂಲಕ ಭಾರತಕ್ಕೆ ಬಂದಿತು. ಅದರ ಒಂದು ನಿಯಮವನ್ನು ಪ್ರತಿಯೊಂದು ಊರಿನ ಪ್ರತಿಯೊಂದು ಸಂಘವೂ ಅನುಸರಿಸುವಂತಾಗಬೇಕೆಂದು ನನ್ನ ಆಸೆ. ಕ್ಲಬ್ಬಿಗೆ ಎರಡು ಲೆಕ್ಕಗಳಿರಬೇಕು. ಸದಸ್ಯರ ಚಂದಾ ಹಣ ಆಡಳಿತದ ಲೆಕ್ಕಕ್ಕೆ ಹೋಗಬೇಕು. ಸಭೆಯ ಚಹಾ, ಅಂಚೆ, ಬಾಡಿಗೆ, ಹಾರ ತುರಾಯಿ ಎಲ್ಲವೂ ಅದರಿಂದಲೇ. ಸಾರ್ವಜನಿಕರಿಂದ ಕೂಡಿಸಿದ ಹಣ ಸೇವೆಯ ಲೆಕ್ಕಕ್ಕೆ ಹೋಗಬೇಕು; ಅದು ಸಾರ್ವಜನಿಕರ ಉಪಯೋಗಕ್ಕೇ ಹಿಂದಿರುಗಬೇಕು. ಸೇವೆಯ ಹಣದಿಂದ ಒಂದು ಕಪ್ಪು ಚಹಾ ಕೂಡ ಕುಡಿಯುವಂತಿಲ್ಲ. ಜೇನು ಕಿತ್ತವನು ಕೈ ನೆಕ್ಕದೆ ಇದ್ದಾನೆಯೇ ಎಂಬ ಗಾದೆ ನಮ್ಮಲ್ಲಿದೆ. ಆ ಗಾದೆ ಸುಳ್ಳಾಗಬೇಕಾದರೆ ಜೇನಿನ ಕೊಡವೇ ಬೇರೆ, ಕೈ ತೊಳೆಯುವ ನೀರಿನ ಕೊಡವೇ ಬೇರೆ ಇರಬೇಕು.

ನಮ್ಮ ಗದ್ವಾಲದ ಸೀರೆಯನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಅದರ ಒಡಲು ಹತ್ತಿ, ಅಂಚು ಸೆರಗುಗಳು ರೇಷ್ಮೆ. ನೇಕಾರನು ಎರಡು ಬಗೆಯ ನೂಲನ್ನು ಒಂದರೊಳಗೊಂದು ಬೆರೆಸದೆ, ಸೇರುವ ಎಡೆಯಲ್ಲಿ ಮಾತ್ರ ಎಳೆ ಎಳೆಯಾಗಿ ಬೆಸೆಯುತ್ತಾನೆ. ಬೆಸುಗೆ ಗಟ್ಟಿಯಾಗಿರುವುದರಿಂದ ಅದು ಒಂದೇ ಸೀರೆಯಾಗುತ್ತದೆ. ನೂಲುಗಳು ಬೇರೆಯಾಗಿರುವುದರಿಂದ ಅದಕ್ಕೆ ಗದ್ವಾಲ ಸೀರೆ ಎಂಬ ಹೆಸರು ಉಳಿದಿದೆ. ಸಂಘದ ಲೆಕ್ಕವೂ ಅಂಥದೇ ನೇಯ್ಗೆ.

ಅನುದಾನದ ವಿಷಯದಲ್ಲಿ ಈ ಶಿಸ್ತು ಇನ್ನೂ ಬಿಗಿಯಾದುದು. ರೋಟರಿಯ ಇಂದಿನ ಪದ್ಧತಿಯಲ್ಲಿ, ಅಂದರೆ 2013ರಿಂದ ಎಲ್ಲ ಜಿಲ್ಲೆಗಳಿಗೂ ಅನ್ವಯವಾದ ವ್ಯವಸ್ಥೆಯಲ್ಲಿ, ಜಾಗತಿಕ ಅನುದಾನ ಬೇಕೆನ್ನುವ ಕ್ಲಬ್ಬಿನವರು ಮೊದಲು ಹಣ ನಿರ್ವಹಣೆಯ ತರಬೇತಿ ಪಡೆದು ಒಪ್ಪಂದ ಪತ್ರಕ್ಕೆ ಸಹಿ ಹಾಕಬೇಕು. ಯೋಜನೆಯ ಒಟ್ಟು ಅಂದಾಜು 30,000 ಡಾಲರಿಗಿಂತ ಕಡಿಮೆ ಇರಕೂಡದು; ಆದುದರಿಂದ ಸಣ್ಣ ಊರಿನ ಕ್ಲಬ್ಬು ಹೊರದೇಶದ ಇನ್ನೊಂದು ಕ್ಲಬ್ಬಿನ ಕೈ ಹಿಡಿದೇ ನಡೆಯಬೇಕು. ಅನುದಾನಕ್ಕೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ, ಪ್ರತಿ ಚೆಕ್ಕಿಗೂ ಎರಡು ಸಹಿ, ಮೊದಲ ಕಂತು ಬಂದ ಹನ್ನೆರಡು ತಿಂಗಳೊಳಗೆ ಒಂದು ವರದಿ, ಕೆಲಸ ಮುಗಿದ ಎರಡು ತಿಂಗಳೊಳಗೆ ಅಂತಿಮ ವರದಿ, ಕನಿಷ್ಠ ಐದು ವರ್ಷ ಕಾಗದಪತ್ರಗಳ ಜೋಪಾನ ಇವೆಲ್ಲ ಕಡ್ಡಾಯ. ಕೊಂಡ ವಸ್ತುವಿನ ಒಡೆತನ ಕ್ಲಬ್ಬಿಗಾಗಲಿ ಸದಸ್ಯರಿಗಾಗಲಿ ಇರಕೂಡದು. ಅದು ಫಲಾನುಭವಿಗಳದ್ದೇ ಆಗಬೇಕು. ಬೆಂಚಿನ ಮೇಲೆ ದಾನಿಯ ಹೆಸರು ಬರೆಯಿಸಬಹುದು, ಆದರೆ ಬೆಂಚು ಶಾಲೆಯದು.

ನಿಯಮಗಳನ್ನು ಪುಸ್ತಕದಲ್ಲಿ ಓದಿದರೆ ಸರಳವಾಗಿಯೇ ಕಾಣುತ್ತವೆ. ಎಲ್ಲರೂ ಎಲ್ಲರಿಗೂ ಬೇಕಾದವರಾಗಿರುವ ಸಣ್ಣ ಊರಿನಲ್ಲಿ ಅವನ್ನು ನಡೆಸುವುದೇ ಕಷ್ಟ. ಒಮ್ಮೆ ನಲ್ಲಿ, ಪೈಪು ಕೊಳ್ಳಬೇಕಾಗಿತ್ತು. ನಮ್ಮ ಸದಸ್ಯರೊಬ್ಬರದೇ ಆ ಸಾಮಾನಿನ ಅಂಗಡಿ. ಮೂರು ಅಂಗಡಿಗಳಿಂದ ಕೊಟೇಶನ್ ತರಿಸೋಣ ಎಂದಾಗ, “ನಮ್ಮವರ ಮ್ಯಾಲೆ ನಂಬಿಕಿ ಇಲ್ಲೇನು?” ಎಂದು ಒಬ್ಬರು ಮುಖ ಕೆಂಪಗೆ ಮಾಡಿದರು. ಆ ಅಂಗಡಿಯವರೇ ಎದ್ದು, “ತರಸ್ರಿ. ನಂದೂ ಒಂದು ತೊಗೋರಿ. ತೀರ್ಮಾನ ಮಾಡೂ ಮುಂದ ನಾ ಹೊರಗ ಕೂಡ್ತೀನಿ” ಎಂದರು. ಅವರ ದರವೇ ಕಡಿಮೆಯಾಗಿತ್ತು, ಅವರಿಂದಲೇ ಕೊಂಡೆವು. ಮುಂದೆ ಯಾರೂ ಅವರತ್ತ ಬೆರಳು ತೋರಿಸಲಾಗಲಿಲ್ಲ. ನಿಯಮವೆಂಬುದು ಪ್ರಾಮಾಣಿಕನ ಮೇಲಿನ ಸಂಶಯವಲ್ಲ, ಅವನಿಗೆ ಹೊದಿಸಿದ ರಕ್ಷೆ ಎಂಬುದನ್ನು ಅಂದು ಅವರು ನಮಗೆಲ್ಲ ತೋರಿಸಿಕೊಟ್ಟರು.

ಇನ್ನೊಂದು ಸಂದಿಗ್ಧ ಕನ್ನಡ ಶಾಲೆಗಳಿಗೇ ವಿಶೇಷವಾದುದು. ಅನುದಾನದ ಅರ್ಜಿಯಲ್ಲಿ ಎಷ್ಟು ಜನರಿಗೆ ಪ್ರಯೋಜನ ಎಂಬ ಒಂದು ಸಾಲು ಇರುತ್ತದೆ. ಪಟ್ಟಣದ ದೊಡ್ಡ ಶಾಲೆ ಅಲ್ಲಿ ಸಾವಿರವೆಂದು ಬರೆಯುತ್ತದೆ. ಗಡಿಯ ಹಳ್ಳಿಯ ಕನ್ನಡ ಶಾಲೆಯಲ್ಲಿ ಅರುವತ್ತು ಮಕ್ಕಳಿದ್ದರೆ ಅದೇ ಹೆಚ್ಚು. “ಒಂದು ಸೊನ್ನೆ ಹೆಚ್ಚಿಗೆ ಬರೀರಿ, ಯಾರು ಎಣಿಸಾಕ ಬರ್ತಾರ?” ಎಂಬ ಸಲಹೆ ನಮ್ಮ ಸಭೆಯಲ್ಲಿಯೂ ಬಂದಿತ್ತು. ನಾವು ಅರುವತ್ತನ್ನು ಅರುವತ್ತೆಂದೇ ಬರೆದು, ಈ ಮಕ್ಕಳಿಗೆ ತಾಯಿನುಡಿಯಲ್ಲಿ ಕಲಿಯಲು ಹತ್ತಿರದಲ್ಲಿ ಬೇರೆ ಶಾಲೆ ಇಲ್ಲವೆಂಬುದನ್ನು ಒಂದು ಪುಟದಲ್ಲಿ ವಿವರಿಸಿದೆವು. ಕೆಲವು ಅರ್ಜಿಗಳು ತಿರಸ್ಕೃತವಾದವು, ಒಂದು ಮಂಜೂರಾಯಿತು. ಸುಳ್ಳು ಸೊನ್ನೆಯಿಂದ ಸಿಕ್ಕ ಹಣಕ್ಕೆ ಮುಂದೆ ಪ್ರತಿ ವರದಿಯಲ್ಲಿಯೂ ಒಂದು ಸೊನ್ನೆ ಸೇರಿಸುತ್ತಲೇ ಹೋಗಬೇಕಾಗುತ್ತದೆ.

ಹಾಗೆ ಮಂಜೂರಾದ ಹಣದ ಕತೆಯನ್ನೇ ಈಗ ಹೇಳಬೇಕಾಗಿದೆ. ಕನ್ನಡ ಮಕ್ಕಳು ಓದುವ ಎರಡು ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವನ್ನೂ ನೀರಿನ ತೊಟ್ಟಿಯನ್ನೂ ಕಟ್ಟಿಸಲು ದೂರದ ಒಂದು ಸಂಸ್ಥೆ ಅನುದಾನ ನೀಡಿತ್ತು. ಏಳನೆಯ ತರಗತಿ ದಾಟುವ ಹೊತ್ತಿಗೆ ಹುಡುಗಿಯರು ಶಾಲೆ ಬಿಡುತ್ತಿದ್ದುದಕ್ಕೆ ಅದೊಂದು ಮುಖ್ಯ ಕಾರಣವೆಂದು ಅವರ ತಾಯಂದಿರೇ ನಮಗೆ ಹೇಳಿದ್ದರು. ಕೆಲಸ ಇನ್ನೇನು ಆರಂಭವಾಗಬೇಕು, ಖಾತೆಯಲ್ಲಿ 4 ಲಕ್ಷ ರೂಪಾಯಿಯಷ್ಟು ಹಣವಿದೆ, ಅಷ್ಟರಲ್ಲಿ 2009ರ ಅಕ್ಟೋಬರ್ ತಿಂಗಳ ಆ ಮಹಾಪೂರ ಬಂದಿತು. ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ ಕೃಷ್ಣೆ ತುಂಗಭದ್ರೆಗಳು ಒಟ್ಟಿಗೆ ಉಕ್ಕಿದವು. ಅಕ್ಟೋಬರ್ 2ರ ಹೊತ್ತಿಗೆ ಕರ್ನೂಲು ನಗರ, ಮಂತ್ರಾಲಯ, ಆಲಂಪುರ ನೀರಿನಲ್ಲಿ ನಿಂತಿದ್ದವು. ತುಂಗಭದ್ರೆಯ ದಡದ ರಾಜೋಲಿಯಲ್ಲಿ ನೇಕಾರರ ಮನೆಗಳು ಬಿದ್ದವು. ನೆಲದ ಗುಂಡಿಯಲ್ಲಿ ಹೂಡಿದ ಮಗ್ಗಗಳು ಕೆಸರಿನಡಿ ಸೇರಿದವು.

ಅಂದು ರಾತ್ರಿ ತುರ್ತು ಸಭೆ ಸೇರಿತು. ಶಾಲೆಗಳಲ್ಲಿ ಆಶ್ರಯ ಪಡೆದವರಿಗೆ ಹೊದಿಕೆ ಇಲ್ಲ, ಮಕ್ಕಳಿಗೆ ಹಾಲಿಲ್ಲ ಎಂಬ ಸುದ್ದಿ ಬರುತ್ತಲೇ ಇತ್ತು. ನಮ್ಮೆಲ್ಲರಿಗೂ ಹಿರಿಯರಾದ ಸದಸ್ಯರೊಬ್ಬರು, ನಾನು ಕಾಕಾ ಎಂದು ಕರೆಯುತ್ತಿದ್ದವರು, ಶೌಚಾಲಯದ ಖಾತೆಯಿಂದ ಒಂದು ಲಕ್ಷ ತೆಗೆದುಕೊಳ್ಳೋಣ, ಚಂದಾ ಕೂಡಿದ ಮೇಲೆ ಹಿಂದಕ್ಕೆ ತುಂಬೋಣ ಎಂದರು. ಹಲವರು ತಲೆದೂಗಿದರು. ನಾನು ಚೆಕ್ಕಿಗೆ ಸಹಿ ಹಾಕಲಾರೆನೆಂದೆ.

“ಏನ್ರೀ ಖಜಾಂಚಿ, ಮಂದಿ ನೀರಾಗ ಮುಣಗ್ಯಾರ, ನೀವು ಕಿರ್ದಿ ತೆಗೆದು ಕುಂತೀರಿ?” ಎಂದರು ಕಾಕಾ. ಅವರ ಕಣ್ಣಿನಲ್ಲಿ ನೀರಿತ್ತು. ಅವರ ಮಗಳನ್ನು ಕೊಟ್ಟದ್ದು ನದಿಯ ದಡದ ಊರಿಗೇ.

“ಕಾಕಾ, ನಂದಿದ್ರ ಈಗ ಕೊಟ್ಟುಬಿಡ್ತಿದ್ದೆ. ಇದು ನಂದಲ್ರಿ, ನಮ್ಮದೂ ಅಲ್ರಿ” ಎಂದೆ. ಆ ಹಣಕ್ಕೆ ಇಬ್ಬರು ಒಡೆಯರಿದ್ದರು. ಒಬ್ಬರು ಇಂಥ ಕೆಲಸಕ್ಕೆಂದು ನಂಬಿ ಕೊಟ್ಟ ದೂರದ ದಾನಿಗಳು; ಇನ್ನೊಬ್ಬರು ತಮ್ಮ ಹೆಸರಿನಲ್ಲಿ ಹಣ ಬಂದಿದೆಯೆಂಬುದನ್ನೂ ಅರಿಯದ ಹುಡುಗಿಯರು. ಇಬ್ಬರೂ ಆ ಸಭೆಯಲ್ಲಿರಲಿಲ್ಲ. ಸಭೆಯಲ್ಲಿ ಇಲ್ಲದವರ ಪರವಾಗಿ ಕುಳಿತುಕೊಳ್ಳುವುದೇ ಖಜಾಂಚಿಯ ಕೆಲಸ. ಹಣವನ್ನು ಹಿಂದಕ್ಕೆ ತುಂಬುವ ಮಾತಿನಲ್ಲಿ ಯಾರಿಗೂ ಕಪಟವಿರಲಿಲ್ಲ. ಆದರೆ ಎಷ್ಟೋ ಸಂಘಗಳು ಮುಳುಗಿದ್ದು ಕಳ್ಳರಿಂದಲ್ಲ. ನಾಳೆ ತುಂಬುವೆವೆಂದು ಒಳ್ಳೆಯ ಮನಸ್ಸಿನಿಂದ ತೆಗೆದು, ತುಂಬಲಾಗದೆ ಹೋದವರಿಂದ. ಹೀಗೆಂದು ಬ್ಯಾಂಕಿನ ಮೇಜಿನ ಆಚೆ ಕುಳಿತು ನಾನು ಕಂಡಿದ್ದೆ.

ಆ ರಾತ್ರಿಯೇ ಅನುದಾನ ಕೊಟ್ಟ ಸಂಸ್ಥೆಗೆ ಪರಿಸ್ಥಿತಿಯನ್ನು ವಿವರಿಸಿ, ಉದ್ದೇಶ ಬದಲಿಸಲು ಅನುಮತಿ ಉಂಟೇ ಎಂದು ಬರೆದೆವು. ಮರುದಿನ ಬೆಳಗ್ಗೆ ಸೀರೆ ಅಂಗಡಿಗಳಿಂದ ಹಿಡಿದು ಅಡತಿ ಅಂಗಡಿಗಳವರೆಗೆ, ಮಠದಿಂದ ಮಸೀದಿಯವರೆಗೆ ರಸೀದಿ ಪುಸ್ತಕ ಹಿಡಿದು ಅಲೆದೆವು. ಸೋಮವಾರ ಬ್ಯಾಂಕು ತೆರೆದೊಡನೆ ನೆರೆ ಪರಿಹಾರಕ್ಕೆಂದೇ ಬೇರೊಂದು ಖಾತೆ ತೆರೆದೆವು. ನಮ್ಮ ಹೊದಿಕೆಗಳೂ ಜೋಳದ ಚೀಲಗಳೂ ಹೊರಟದ್ದು ಅಂದು ಸಂಜೆ, ಅಂದರೆ ಸಭೆ ಸೇರಿದ ಮೂರನೆಯ ದಿನ. ಒಂಬತ್ತನೆಯ ದಿನ ದಾನಿಗಳ ಉತ್ತರ ಬಂದಿತು: ಕೇಳಿದ್ದು ಸಂತೋಷ, ಆದರೆ ಶಾಲೆಯ ಕೆಲಸ ನಿಲ್ಲಕೂಡದು.

ಶೌಚಾಲಯಗಳು ಆರು ತಿಂಗಳಲ್ಲಿ ಮುಗಿದವು. ವರದಿ ಸಮಯಕ್ಕೆ ಹೋಯಿತು. ಮರುವರ್ಷ ಅದೇ ಸಂಸ್ಥೆ ಇನ್ನೆರಡು ಶಾಲೆಗಳಿಗೆ ಹಣ ಕೊಟ್ಟಿತು. ಇಷ್ಟು ಹೇಳಿ ಕತೆಯನ್ನು ಇಲ್ಲಿಯೇ ಮುಗಿಸಿದರೆ ನಾನು ಪೂರ್ಣ ಸತ್ಯ ಹೇಳಿದಂತಾಗುವುದಿಲ್ಲ. ನಾವು ಹಣ ಕೂಡಿಸುತ್ತಿದ್ದ ಆ ಮೂರು ರಾತ್ರಿಗಳನ್ನು ಒದ್ದೆ ನೆಲದ ಮೇಲೆ ಕಳೆದವರಿದ್ದರು. ಅವರ ಚಳಿಯನ್ನು ಬರೆಯಲು ನನ್ನ ಖತಾವಣಿಯಲ್ಲಿ ಅಂಕಣವಿರಲಿಲ್ಲ. ಕಾಕಾ ಒಂದು ವರ್ಷ ಕಾಲ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಅವರ ಸಿಟ್ಟು ಅನ್ಯಾಯದ್ದೆಂದು ನಾನು ಇಂದಿಗೂ ಹೇಳಲಾರೆ. ಆದರೆ ಆ ಸಿಟ್ಟಿನಿಂದ ಒಂದು ಒಳ್ಳೆಯ ಕೆಲಸವಾಯಿತು. ಅಂಥ ರಾತ್ರಿ ಮತ್ತೆ ಬಂದರೆ ಹುಡುಗಿಯರ ಹಣಕ್ಕೂ ಸಂತ್ರಸ್ತರ ಹೊದಿಕೆಗೂ ನಡುವೆ ಆರಿಸಿಕೊಳ್ಳುವ ಸಂಕಟ ಬರಕೂಡದೆಂದು, ಸದಸ್ಯರ ಸ್ವಂತ ಚಂದಾದಿಂದ ಒಂದು ತುರ್ತು ನಿಧಿಯನ್ನು ಸ್ಥಾಪಿಸಿದೆವು. ಅದಕ್ಕೆ ಮೊದಲು ಹಣ ಕೊಟ್ಟವರು ಕಾಕಾ ಅವರೇ. ಕೊಟ್ಟು, ನನ್ನ ಮುಖ ನೋಡದೆ, “ರಸೀದಿ ಹರೀರಿ” ಎಂದರು.

ಕಟ್ಟಡ ಮುಗಿದು ಫೋಟೋ ತೆಗೆದರೆ ಅನುದಾನದ ಕೆಲಸ ಮುಗಿಯಿತೆಂದು ತಿಳಿಯುವುದೂ ಸರಿಯಲ್ಲ. ನೀರು ಶುದ್ಧಗೊಳಿಸುವ ಯಂತ್ರ ಕೊಟ್ಟ ಮೇಲೆ ಅದರ ಫಿಲ್ಟರ್ ಬದಲಿಸುವವರಾರು, ಕರೆಂಟ್ ಬಿಲ್ಲು ಕಟ್ಟುವವರಾರು, ಶೌಚಾಲಯ ತೊಳೆಯುವವರಿಗೆ ಸಂಬಳ ಎಲ್ಲಿಂದ ಎಂಬುದನ್ನು ಅರ್ಜಿ ಬರೆಯುವ ದಿನವೇ ಯೋಚಿಸಬೇಕು. ಎಷ್ಟೋ ಶಾಲೆಗಳಲ್ಲಿ ದಾನಿಯ ಹೆಸರಿನ ಫಲಕ ಹೊಳೆಯುತ್ತಿರುತ್ತದೆ, ಫಲಕದ ಕೆಳಗಿನ ನಲ್ಲಿ ಒಣಗಿರುತ್ತದೆ. ನಾವು ಕೊನೆಕೊನೆಗೆ ಒಂದು ಪದ್ಧತಿ ಮಾಡಿಕೊಂಡೆವು. ಯಾವ ವಸ್ತುವನ್ನೇ ಕೊಡಲಿ, ಅದರ ಎರಡು ವರ್ಷದ ನಿರ್ವಹಣೆಗೆ ಬೇಕಾದ ಹಣವನ್ನು ಊರವರು ಮೊದಲೇ ಕೂಡಿಸಿ ಶಾಲೆಯ ಹೆಸರಿನಲ್ಲಿ ಜಮಾ ಮಾಡಬೇಕು. ಇದರಿಂದ ಕೆಲಸ ತಡವಾಯಿತು, ಆದರೆ ನಲ್ಲಿಗಳಲ್ಲಿ ನೀರು ನಿಲ್ಲಲಿಲ್ಲ. ತಾನೂ ಒಂದಿಷ್ಟು ಕೊಟ್ಟ ವಸ್ತುವನ್ನು ಊರು ತನ್ನದೆಂದು ನೋಡಿಕೊಳ್ಳುತ್ತದೆ.

ಹೊರನಾಡುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ಎರಡು ಮಾತು ಹೇಳುವುದು ನನ್ನ ಕರ್ತವ್ಯ. ನೀವು ಪ್ರೀತಿಯಿಂದ ಕಳುಹಿಸುವ ಹಣ ಕಾನೂನಿನ ತೊಡಕಿಗೆ ಸಿಲುಕಬಾರದು. ವಿದೇಶದಲ್ಲಿದ್ದರೂ ಭಾರತದ ಪೌರರಾಗಿಯೇ ಉಳಿದವರು ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದನ್ನು ವಿದೇಶಿ ದೇಣಿಗೆ ಎಂದು ಎಣಿಸುವುದಿಲ್ಲ. ಆದರೆ ಅಮೆರಿಕದ ಅಥವಾ ಬೇರೆ ದೇಶದ ಪೌರತ್ವ ಪಡೆದವರ ಹಣ, ಅವರು ನಮ್ಮ ಊರಿನಲ್ಲೇ ಹುಟ್ಟಿದವರಾಗಿದ್ದರೂ, ವಿದೇಶಿ ದೇಣಿಗೆಯಾಗುತ್ತದೆ. ಅದನ್ನು ಪಡೆಯಲು ಸಂಸ್ಥೆಗೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇರಬೇಕು. 2020ರ ತಿದ್ದುಪಡಿಯ ತರುವಾಯ ಅಂಥ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕಾಯಿತು. ಒಂದು ಸಂಸ್ಥೆ ತಾನು ಪಡೆದುದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದೂ ನಿಂತಿತು. ಹಾಗಾಗಿ ಯಾರೋ ಪರಿಚಯದವರ ಖಾತೆಗೆ ಹಾಕಿ ಶಾಲೆಗೆ ಮುಟ್ಟಿಸಿರಿ ಎನ್ನುವ ಹಳೆಯ ದಾರಿ ಸುರಕ್ಷಿತವಲ್ಲ. ಊರಿನಲ್ಲಿರುವವರು ನಗದಾಗಿ ಕೊಡುವಾಗಲೂ ಎಚ್ಚರವಿರಲಿ: ತೆರಿಗೆ ವಿನಾಯಿತಿಗೆ ಅರ್ಹವಾದ ನಗದು ದಾನದ ಮಿತಿಯನ್ನು 2017ರಲ್ಲಿಯೇ 10,000 ರೂಪಾಯಿಯಿಂದ 2,000 ರೂಪಾಯಿಗೆ ಇಳಿಸಲಾಯಿತು. ಕೇಳಿ ತಿಳಿದು ಕೊಡುವುದು ಅಪನಂಬಿಕೆಯಲ್ಲ, ಶಾಲೆಯ ಮೇಲಿನ ಪ್ರೀತಿಯೇ.

ಈಗ ನಮ್ಮ ಮುಂದಿರುವ ಕೆಲಸಕ್ಕೆ ಬರುತ್ತೇನೆ. ಸುವರ್ಣ ಮಹೋತ್ಸವದ ಹೆಸರಿನಲ್ಲಿ ಸೇರುತ್ತಿರುವ ಹಣದಲ್ಲಿ ಸಮಾರಂಭದ ಮಂಟಪಕ್ಕೆಂದು ಕೊಟ್ಟದ್ದೂ ಇದೆ, ಹೊಸ ಕೊಠಡಿಗೆಂದು ಕೊಟ್ಟದ್ದೂ ಇದೆ, ಬಡ ಮಕ್ಕಳ ವಿದ್ಯಾರ್ಥಿವೇತನಕ್ಕೆಂದು ಕೊಟ್ಟದ್ದೂ ಇದೆ. ಈ ಮೂರನ್ನೂ ಮೂರು ಲೆಕ್ಕಗಳಲ್ಲಿಯೇ ಇಡಬೇಕೆಂದೂ, ಮಂಟಪದ ಖರ್ಚು ಮೀರಿದರೆ ಕೊಠಡಿಯ ಹಣಕ್ಕೆ ಕೈಹಾಕದೆ ಮಂಟಪವನ್ನೇ ಚಿಕ್ಕದು ಮಾಡಬೇಕೆಂದೂ ಸಮಿತಿಯ ಗೆಳೆಯರಲ್ಲಿ ನನ್ನ ಕಳಕಳಿಯ ಪ್ರಾರ್ಥನೆ. ಖರ್ಚೆಲ್ಲ ಕಳೆದು ಎಷ್ಟೇ ಅಲ್ಪ ಶಿಲ್ಕು ಉಳಿದರೂ ಅದನ್ನು ಶಾಲೆಯ ನಿಧಿಯ ಮೊದಲ ಬೀಜವೆಂದು ಬರೆದಿಡಬೇಕು. ಲೆಕ್ಕಪರಿಶೋಧನೆಯಾದ ಪಟ್ಟಿಯನ್ನು ಶಾಲೆಯ ಗೋಡೆಗೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಅಂಟಿಸಬೇಕು. ಹತ್ತು ರೂಪಾಯಿ ಕೊಟ್ಟವರ ಹೆಸರೂ ಅದರಲ್ಲಿರಬೇಕು.

ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕುಗ್ಗುತ್ತಿರುವ ಕಾಲ ಇದು. ಇಂಗ್ಲಿಷ್ ಮಾಧ್ಯಮದತ್ತ ಹೊರಟ ತಂದೆತಾಯಿಗಳನ್ನು ಭಾಷಾಭಿಮಾನದ ಭಾಷಣದಿಂದ ತಡೆಯಲಾಗದು. ಈ ಶಾಲೆಯಲ್ಲಿ ಪಾಠ ಚೆನ್ನಾಗಿದೆ, ನೀರಿದೆ, ಹುಡುಗಿಯರಿಗೆ ಅನುಕೂಲವಿದೆ, ಕೊಟ್ಟ ಕಾಸು ಹಾಳಾಗುವುದಿಲ್ಲ ಎಂಬ ಭರವಸೆ ಮಾತ್ರ ಅವರನ್ನು ಹಿಡಿದು ನಿಲ್ಲಿಸಬಲ್ಲದು. ಆ ಭರವಸೆಯನ್ನು ನಮ್ಮ ಗುರುಗಳು ಜೋಳದ ಲೆಕ್ಕದಿಂದ ಗಳಿಸಿಟ್ಟು ಹೋಗಿದ್ದಾರೆ. ಅದನ್ನು ಖರ್ಚು ಮಾಡದೆ ಮುಂದಿನವರ ಕೈಗೆ ಒಪ್ಪಿಸುವುದು ನಮ್ಮ ಪಾಲಿನ ಸೇವೆ.

ಸಮಾರೋಪದ ದಿನ ಗಣ್ಯರ ಭಾಷಣಗಳಾದ ಮೇಲೆ ಜಮಾಖರ್ಚಿನ ಪಟ್ಟಿಯನ್ನು ಓದುವ ಕಾರ್ಯಕ್ರಮವನ್ನೂ ಆಮಂತ್ರಣ ಪತ್ರಿಕೆಯಲ್ಲಿ ಸೇರಿಸಬೇಕೆಂದು ಕೋರಿದ್ದೇನೆ, ಸಮಿತಿಯವರು ಒಪ್ಪಿದ್ದಾರೆ. ಊಟದ ಕರೆ ಬಂದರೂ ದಯವಿಟ್ಟು ಎಲ್ಲರೂ ಅದು ಮುಗಿಯುವವರೆಗೆ ಕುಳಿತಿರಬೇಕು. ಅರ್ಥವಾಗದಿದ್ದಲ್ಲಿ ಎದ್ದು ನಿಂತು ಕೇಳಬೇಕು.